ಮಳೆಗಾಲದ ಜ್ವರ ಅಂದುಕೊಂಡಿದ್ದು ರಕ್ತನಾಳದ ಆಪರೇಷನ್ ತನಕ ಹೋಯಿತು

ನಮ್ಮ ಯಜಮಾನರ ಮಾತ್ರೆ ಕೋರ್ಸು ಹೋದ ವಾರ ಮುಗಿಯಿತು. ಹೆಚ್ಚುಕಮ್ಮಿ ಒಂದು ವರ್ಷ ನಮ್ಮ ಮನೆ ಮಣ್ಣಿನ ರೋಗಾಣುವಿನಿಂದ ಬರುವ ಮೆಲಿಯೊಯ್ಡೋಸಿಸ್ ಅನ್ನುವ ಕಾಯಿಲೆಯ ಸುತ್ತಲೇ ತಿರುಗಿದೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ನಾನು ಕೇಳಿದ ಪ್ರಶ್ನೆಗಳನ್ನೇ ಬೇರೆಯವರೂ ಕೇಳುತ್ತಿರುತ್ತಾರೆ ಅಂತ ಗೊತ್ತು. ಅದಕ್ಕೇ ಆದದ್ದನ್ನೆಲ್ಲ ಬರೆದಿಡುತ್ತಿದ್ದೇನೆ. ನಾನು ಡಾಕ್ಟರಲ್ಲ. ಇದನ್ನು ಓದಿ ಯಾರೂ ಔಷಧಿ ಶುರು ಮಾಡಬೇಡಿ, ನಿಲ್ಲಿಸಲೂ ಬೇಡಿ.

ನಮ್ಮದು ಕೊಡಗಿನ ಶನಿವಾರಸಂತೆ ಕಡೆ. ಸ್ವಲ್ಪ ಕಾಫಿ, ಸ್ವಲ್ಪ ಗದ್ದೆ, ಜೊತೆಗೆ ಶುಂಠಿ. ಇವರಿಗೆ ಸಕ್ಕರೆ ಕಾಯಿಲೆ ಹಳೆಯದು. ಜುಲೈಯಲ್ಲಿ ನಾಟಿ ಕೆಲಸ. ಗಂಬೂಟು ಹಾಕಿದರೆ ಕೆಸರಿನಲ್ಲಿ ಕಾಲು ಕೀಳೋಕೆ ಆಗಲ್ಲ ಅಂತ ಬರಿಗಾಲಲ್ಲೇ ಇಳಿಯುತ್ತಿದ್ದರು. ಹಿಮ್ಮಡಿ ಒಡೆದು ಬಿರುಕು ಬಿಟ್ಟಿತ್ತು. ನಮ್ಮೂರಲ್ಲಿ ಯಾರ ಹಿಮ್ಮಡಿ ಒಡೆದಿರಲ್ಲ ಹೇಳಿ.

ಆಗಸ್ಟಿನಲ್ಲಿ ಚಳಿ ಜ್ವರ ಬಂತು. ಡೆಂಗಿ ಇಲ್ಲ, ಮಲೇರಿಯಾ ಇಲ್ಲ. ಇಲಿ ಜ್ವರ ಇರಬಹುದು ಅಂತ ಡಾಕ್ಸಿಸೈಕ್ಲಿನ್ ಕೊಟ್ಟರು, ಜ್ವರ ಇಳಿಯಿತು. ಗೌರಿ ಹಬ್ಬದ ಹೊತ್ತಿಗೆ ಮತ್ತೆ ಬಂತು. ಈ ಸಲ ವಿಡಾಲ್ ಟೆಸ್ಟ್ ನೋಡಿ ಟೈಫಾಯ್ಡ್ ಅಂದರು. ಇಂಜೆಕ್ಷನ್ ಆಯಿತು, ಮತ್ತೆ ಇಳಿಯಿತು. ಆಮೇಲೆ ಬಂದದ್ದು ದೊಡ್ಡ ಜ್ವರವೂ ಅಲ್ಲ. ಹಗಲು ಸರಿ ಇರುತ್ತಿದ್ದರು. ಸಂಜೆ ಆಯಿತೆಂದರೆ ಒಲೆ ಮುಂದೆ ಕಂಬಳಿ ಹೊದ್ದು ಕೂರುತ್ತಿದ್ದರು. ರಾತ್ರಿ ಬೆವರಿ ಬನಿಯನ್ ಒದ್ದೆ. ಬೆಲ್ಟಿಗೆ ಮೊಳೆಯಲ್ಲಿ ಹೊಸ ತೂತು ಹೊಡೆದುಕೊಂಡರು, ಸ್ವಲ್ಪ ದಿನಕ್ಕೆ ಅದರ ಪಕ್ಕ ಇನ್ನೊಂದು. ಟಿಬಿ ಇರಬಹುದು ಅಂತ ಕಫ ಪರೀಕ್ಷೆ ಮಾಡಿಸಿದೆವು. ಅದೂ ಇಲ್ಲ.

ಅಕ್ಟೋಬರಿನಲ್ಲಿ ಬೆನ್ನು ನೋವು ಶುರುವಾಯಿತು. ಸೊಂಟದ ಹತ್ತಿರ, ಎಡಕ್ಕೆ. ಕೃಷಿಕರಿಗೆ ಬೆನ್ನು ನೋವು ಅಂದರೆ ಯಾರೂ ತಲೆ ಕೆಡಿಸಿಕೊಳ್ಳಲ್ಲ. ಗೊಬ್ಬರದ ಮೂಟೆ ಎತ್ತಿದ್ದಾರೆ, ಡಿಸ್ಕ್ ಇರಬೇಕು ಅಂದರು. ಎಕ್ಸ್‌ರೇ, ನೋವಿನ ಮಾತ್ರೆ, ಬೆಲ್ಟು. ಅತ್ತೆ ಎಣ್ಣೆ ಕಾಯಿಸಿ ತಿಕ್ಕಿದರು. ನೋವಿನ ಮಾತ್ರೆಗೆ ಜ್ವರವೂ ಅಡಗುತ್ತದಲ್ವಾ, ಹಾಗಾಗಿ ಜ್ವರ ಹೋಯಿತು ಅಂತಲೇ ಎಲ್ಲರ ಲೆಕ್ಕ. ರಾತ್ರಿ ನೆಟ್ಟಗೆ ಮಲಗೋಕೆ ಆಗುತ್ತಿರಲಿಲ್ಲ. ಜಗಲಿಯ ಕಂಬಕ್ಕೆ ಒರಗಿ ಕೂತೇ ಬೆಳಗು ಮಾಡುತ್ತಿದ್ದರು. ಒಂದು ರಾತ್ರಿ ನನ್ನ ಕೈ ಹಿಡಿದು ಹೊಕ್ಕಳ ಪಕ್ಕ ಇಟ್ಟುಕೊಂಡರು. "ಇಲ್ಲಿ ನೋಡು, ಏನೋ ಹೊಡ್ಕೋತಾ ಇದೆ." ನಿಜವಾಗಿ ಹೊಡೆದುಕೊಳ್ಳುತ್ತಿತ್ತು.

ಮಾರನೇ ದಿನ ಕುಶಾಲನಗರದಲ್ಲಿ ಹೊಟ್ಟೆ ಸ್ಕ್ಯಾನ್. ಸ್ಕ್ಯಾನ್ ಡಾಕ್ಟರು ಮಾತಾಡುತ್ತಾ ನೋಡುತ್ತಿದ್ದವರು ಸುಮ್ಮನಾದರು. ಅದೇ ಜಾಗಕ್ಕೆ ಮತ್ತೆ ಮತ್ತೆ ಬಂದರು. "ಹೊಟ್ಟೆಗೆ ಏನಾದ್ರೂ ತಿಕ್ಕಿಸ್ತಾ ಇದ್ದೀರಾ?" ಅಂತ ಕೇಳಿದರು. ಬೆನ್ನಿಗೆ ಅಂದೆ. "ಇನ್ಮೇಲೆ ಬೆನ್ನು, ಹೊಟ್ಟೆ ಎರಡೂ ಮುಟ್ಟಬೇಡಿ. ಭಾರ ಎತ್ತಬಾರದು, ಮುಕ್ಕಬಾರದು. ಇವತ್ತೇ ಮೈಸೂರಿಗೆ ಹೋಗಿ" ಅಂದರು.

ಹೃದಯದಿಂದ ಹೊರಟು ಹೊಟ್ಟೆಯೊಳಗೆ ಬೆನ್ನುಮೂಳೆಯ ಮುಂದೆ ಇಳಿಯುವ ದೊಡ್ಡ ರಕ್ತನಾಳ ಅಯೋರ್ಟಾ. ಹೊಟ್ಟೆಯ ಭಾಗದಲ್ಲಿ ಅದರ ಅಗಲ ಸಾಮಾನ್ಯವಾಗಿ 2 ಸೆಂ.ಮೀ. ಆಸುಪಾಸು. ಇವರದ್ದು ಒಂದು ಕಡೆ 4.3 ಸೆಂ.ಮೀ.ಗೆ ಉಬ್ಬಿತ್ತು. ಸೈಕಲ್ ಟ್ಯೂಬು ಸವೆದ ಜಾಗದಲ್ಲಿ ಗುಳ್ಳೆ ಏಳುತ್ತದಲ್ಲ, ಹಾಗೆ. ಇದಕ್ಕೆ ಅನ್ಯೂರಿಸಂ ಅಂತಾರೆ. ವಯಸ್ಸಾದವರಲ್ಲಿ, ಬೀಡಿ ಸಿಗರೇಟು ಸೇದುವವರಲ್ಲಿ ನಿಧಾನಕ್ಕೆ ವರ್ಷಗಟ್ಟಲೆ ಬೆಳೆಯುವ ಅನ್ಯೂರಿಸಂ ಬೇರೆ. ಇವರಿಗೆ ಆಗಿದ್ದು ಸೋಂಕಿನದ್ದು. ರಕ್ತದಲ್ಲಿ ಓಡಾಡುವ ಬ್ಯಾಕ್ಟೀರಿಯಾ ರಕ್ತನಾಳದ ಒಳಗೋಡೆಯಲ್ಲಿ ಸವೆದ, ಕೊಬ್ಬು ಕಟ್ಟಿದ ಜಾಗ ಹುಡುಕಿ ಕೂರುತ್ತದಂತೆ. ಅಲ್ಲಿ ಕೀವಾಗಿ ಗೋಡೆ ಮೆತ್ತಗಾಗುತ್ತದೆ, ಒಳಗಿನ ಒತ್ತಡಕ್ಕೆ ಉಬ್ಬುತ್ತದೆ. ಇಂಥದ್ದು ಬೇಗ ಬೆಳೆಯುತ್ತದೆ, ಚಿಕ್ಕದಿದ್ದಾಗಲೂ ಒಡೆಯಬಹುದು. ಒಡೆದರೆ ಆಸ್ಪತ್ರೆ ತಲುಪುವುದೇ ಕಷ್ಟ.

ಮೈಸೂರಿನಲ್ಲಿ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಸಿಟಿ ಆಂಜಿಯೋಗ್ರಾಂ, ಅಂದರೆ ರಕ್ತನಾಳ ನೋಡುವ ಸ್ಕ್ಯಾನ್, ಮಾಡಬೇಕು ಅಂದರು. ಇದಕ್ಕೆ ರಕ್ತನಾಳಕ್ಕೆ ಒಂದು ಔಷಧಿ ಹಾಯಿಸುತ್ತಾರೆ, ಅದು ಕಿಡ್ನಿಗೆ ಭಾರ. ಹಾಗಾಗಿ ಮೊದಲು ಕ್ರಿಯಾಟಿನಿನ್ ಅಂತ ಕಿಡ್ನಿಯ ರಕ್ತ ಪರೀಕ್ಷೆ ನೋಡುತ್ತಾರೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ ತಗೊಳ್ಳುವವರು ಅದನ್ನು ಮುಂಚೆಯೇ ಹೇಳಿ, ಎಷ್ಟು ದಿನ ನಿಲ್ಲಿಸಬೇಕು ಅಂತ ಅವರೇ ಹೇಳುತ್ತಾರೆ. ಸ್ಕ್ಯಾನ್ ಆದ ಮೇಲೆ ಬರೀ ಫಿಲ್ಮು ಮತ್ತು ರಿಪೋರ್ಟ್ ತಗೊಂಡು ಬರಬೇಡಿ. ಸಿಡಿ ಕೇಳಿ ಪಡೆಯಿರಿ. ಮುಂದೆ ಯಾವ ಸರ್ಜನ್ ಹತ್ತಿರ ಹೋದರೂ ಮೊದಲು ಕೇಳುವುದು ಸಿಡಿಯನ್ನೇ. ಅದಿಲ್ಲ ಅಂದರೆ ಮತ್ತೆ ಸ್ಕ್ಯಾನ್, ಮತ್ತೆ ದುಡ್ಡು, ಕಿಡ್ನಿಗೆ ಮತ್ತೆ ಏಟು.

ಬ್ಲಡ್ ಕಲ್ಚರ್ ಅಂತ, ರಕ್ತದಲ್ಲಿರುವ ರೋಗಾಣು ಬೆಳೆಸಿ ನೋಡೋಕೆ, ಎರಡೂ ಕೈಯಿಂದ ರಕ್ತ ತೆಗೆದು ಬಾಟಲಿಗೆ ಹಾಕಿದರು. ಅಷ್ಟು ದಿನ ಯಾರೂ ಅದನ್ನು ಮಾಡಿಸಿರಲಿಲ್ಲ. ಆ್ಯಂಟಿಬಯೋಟಿಕ್ ಹೊಟ್ಟೆಗೆ ಬೀಳುವ ಮುಂಚೆ ತೆಗೆದರೆ ರೋಗಾಣು ಸಿಗುವ ಸಾಧ್ಯತೆ ಜಾಸ್ತಿ. ಇವರು ಡಜನ್‌ಗಟ್ಟಲೆ ಮಾತ್ರೆ ನುಂಗಿ ಆಗಿತ್ತು. ಆದರೂ ಒಂದು ಬಾಟಲಿಯಲ್ಲಿ ಏನೋ ಬೆಳೆಯಿತು. ರಿಪೋರ್ಟಿನಲ್ಲಿ "ಸ್ಯೂಡೋಮೊನಾಸ್ ಜಾತಿ" ಅಂತ ಒಂದು ಬ್ಯಾಕ್ಟೀರಿಯಾದ ಹೆಸರು ಬಂತು. ಒಂದೇ ಬಾಟಲಿ, ಹೊರಗಿನಿಂದ ಸೇರಿಕೊಂಡಿರಬಹುದು ಅಂತ ಬಿಟ್ಟರು. ಅಷ್ಟರಲ್ಲಿ ಬಿಲ್ಲಿಂಗ್ ಕೌಂಟರಿನಿಂದ ಉಬ್ಬಿದ ಜಾಗದ ಒಳಗೆ ಕೊಳವೆಯಂಥ ಸ್ಟೆಂಟ್ ಹಾಕೋಕೆ ಏಳು ಲಕ್ಷದ ಅಂದಾಜು ಪಟ್ಟಿ ಬಂತು. ಆ ಆಸ್ಪತ್ರೆ ಸರ್ಕಾರಿ ಆರೋಗ್ಯ ಯೋಜನೆಯಲ್ಲಿ ಇರಲಿಲ್ಲ. ಅಡ್ವಾನ್ಸ್ ಕಟ್ಟಿದ ಮೇಲೆ ಗೊತ್ತಾಗಿದ್ದು ಅದು. ದಾಖಲಾಗುವ ಮುಂಚೆ, ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯ ಮಿತ್ರ ಇದ್ದಾರಾ ಅಂತ ವಿಚಾರಿಸಿ. ಯೋಜನೆಯಲ್ಲಿರುವ ಆಸ್ಪತ್ರೆಯಲ್ಲಿ ಅವರ ಕೌಂಟರ್ ಇರುತ್ತದೆ.

ಮಂಗಳೂರಿನಲ್ಲಿ ನರ್ಸಿಂಗ್ ಓದುವ ನಾದಿನಿ ಮಗಳು ಫೋಟೋ ಕಳಿಸಿ ಅಂದಳು. ಕಲ್ಚರ್ ರಿಪೋರ್ಟಿನ ಎರಡನೇ ಪುಟ, ಅಂದರೆ ಯಾವ ಔಷಧಿಗೆ ಬಗ್ಗುತ್ತದೆ, ಯಾವುದಕ್ಕೆ ಇಲ್ಲ ಅನ್ನುವ ಪಟ್ಟಿ. ಅವಳು ಅದನ್ನು ಅವರ ಮೈಕ್ರೋಬಯಾಲಜಿ ಮೇಡಂಗೆ ತೋರಿಸಿದಳು. ಅರ್ಧ ಗಂಟೆಯೊಳಗೆ ಫೋನ್. "ಮಾಮಂಗೆ ಶುಗರ್ ಇದೆ ತಾನೆ ಅತ್ತೆ? ಗದ್ದೆ ಕೆಲಸ ಮಾಡಿದ್ರಾ? ಸ್ಟೆಂಟಿಗೆ ಒಪ್ಪಬೇಡಿ, ಇಲ್ಲಿಗೆ ಕರ್ಕೊಂಡು ಬನ್ನಿ."

ಮೈಸೂರಿನಿಂದ ಮಂಗಳೂರಿಗೆ ಆಂಬುಲೆನ್ಸ್. ಮಡಿಕೇರಿ ದಾಟಿ ಸಂಪಾಜೆ ಘಾಟಿ ಇಳಿಯುವಾಗ ರಾತ್ರಿ, ಮಂಜು. ಬಿಪಿ ಏರಬಾರದು, ಕೆಮ್ಮಬಾರದು ಅಂದಿದ್ದರು. ಪ್ರತಿ ತಿರುವಿಗೂ ಇವರು ಸ್ಟ್ರೆಚರ್ ಕಂಬಿ ಹಿಡಿದುಕೊಳ್ಳುತ್ತಿದ್ದರು, ನಾನು ಇವರನ್ನು ಹಿಡಿದುಕೊಳ್ಳುತ್ತಿದ್ದೆ. ಜೊತೆಗೆ ಬಂದ ಸ್ಟಾಫ್ ಹುಡುಗ ಆಗಾಗ ಬಿಪಿ ನೋಡಿ "ಚೆನ್ನಾಗಿದೆ ಅಕ್ಕ" ಅನ್ನುತ್ತಿದ್ದ. ಕೊಡಗಿನಲ್ಲಿ ದೊಡ್ಡ ಆಸ್ಪತ್ರೆ ಬೇಕು ಅಂತ ಜನ ಎಷ್ಟು ವರ್ಷದಿಂದ ಕೇಳುತ್ತಿದ್ದಾರೆ. ಆ ಘಾಟಿಯನ್ನು ಇಂಥ ರೋಗಿ ಜೊತೆ ಒಂದು ಸಲ ಇಳಿದವರಿಗೆ ಅದು ರಾಜಕೀಯದ ಮಾತು ಅನಿಸಲ್ಲ.

ಮಂಗಳೂರಿನಲ್ಲಿ ಮತ್ತೆ ಕಲ್ಚರ್ ತೆಗೆದರು. ಈ ಸಲ ಎರಡು ಬಾಟಲಿಯಲ್ಲೂ ಬೆಳೆಯಿತು. ಮೆಲಿಯೊಯ್ಡೋಸಿಸ್. ರೋಗಾಣುವಿನ ಹೆಸರು ಬರ್ಕ್‌ಹೋಲ್ಡೇರಿಯಾ ಸ್ಯೂಡೋಮಲೈ. ನನಗೆ ಬಾಯಿಪಾಠ ಆಗೋಕೆ ಒಂದು ವಾರ ಬೇಕಾಯಿತು. ಇದು ಮಣ್ಣಿನಲ್ಲಿ, ನಿಂತ ನೀರಿನಲ್ಲಿ ಬದುಕುವಂಥದ್ದು. ಗಾಯದಿಂದ, ಕುಡಿಯುವ ನೀರಿನಿಂದ, ಜೋರು ಗಾಳಿ ಮಳೆಯಲ್ಲಿ ಉಸಿರಿನಿಂದಲೂ ಒಳಗೆ ಹೋಗುತ್ತದೆ. ಆರೋಗ್ಯವಾಗಿರುವವರಿಗೆ ಅಷ್ಟು ತೊಂದರೆ ಕೊಡಲ್ಲ. ಸಕ್ಕರೆ ಕಾಯಿಲೆ, ಕಿಡ್ನಿ ಕಾಯಿಲೆ ಇರುವವರು, ಕುಡಿತ ಜಾಸ್ತಿ ಇರುವವರು ಹುಷಾರಾಗಿರಬೇಕು. ಒಬ್ಬರಿಗೆ ಶ್ವಾಸಕೋಶದಲ್ಲಿ ಕೂರುತ್ತದೆ, ಇನ್ನೊಬ್ಬರಿಗೆ ಲಿವರಿನಲ್ಲೋ ಗುಲ್ಮದಲ್ಲೋ ಕೀವು, ಮತ್ತೊಬ್ಬರಿಗೆ ಮೂಳೆ. ರಕ್ತನಾಳದಲ್ಲಿ ಕೂರುವುದು ಅಪರೂಪ. ನಮ್ಮ ಅದೃಷ್ಟಕ್ಕೆ ಅದೇ ಆಗಿತ್ತು.

ಮೈಕ್ರೋಬಯಾಲಜಿ ಮೇಡಂ ತಾವೇ ವಾರ್ಡಿಗೆ ಬಂದರು. ಹಳೇ ರಿಪೋರ್ಟ್ ನೋಡಿ ಹೇಗೆ ಅನುಮಾನ ಬಂತು ಅಂತ ಕೇಳಿದೆ. ಮಾಮೂಲಿ ಸ್ಯೂಡೋಮೊನಾಸ್ ಆಗಿದ್ದರೆ ಕೊಲಿಸ್ಟಿನ್ ಅನ್ನುವ ಆ್ಯಂಟಿಬಯೋಟಿಕ್‌ಗೆ ಸಾಯಬೇಕು, ಅಮಾಕ್ಸಿಸಿಲಿನ್ ಕ್ಲಾವುಲನೇಟ್‌ಗೆ ಜಗ್ಗಬಾರದು. ಇದು ಪೂರ್ತಿ ಉಲ್ಟಾ ಇತ್ತಂತೆ. ಜೊತೆಗೆ ಜೆಂಟಾಮೈಸಿನ್‌ಗೂ ಬಗ್ಗಿರಲಿಲ್ಲ. ಶುರುವಿನಲ್ಲಿ ಜ್ವರ ಇಳಿದದ್ದು ಯಾಕೆ ಅಂದೆ. ಡಾಕ್ಸಿಸೈಕ್ಲಿನ್ ಇದನ್ನು ಅದುಮಿಡುತ್ತದೆ, ಕೊಲ್ಲಲ್ಲ ಅಂದರು. ಇದು ಹೊಸ ಕಾಯಿಲೆಯೂ ಅಲ್ಲವಂತೆ. 1912ರಲ್ಲೇ ರಂಗೂನಿನಲ್ಲಿ ವಿಟ್ಮೋರ್ ಮತ್ತು ಕೃಷ್ಣಸ್ವಾಮಿ ಅನ್ನುವ ಇಬ್ಬರು ವೈದ್ಯರು ಇದನ್ನು ವರದಿ ಮಾಡಿದ್ದರಂತೆ. ಉಡುಪಿ, ಮಣಿಪಾಲ ಕಡೆಯ ಡಾಕ್ಟರುಗಳು ವರ್ಷಗಳಿಂದ ಮಳೆಗಾಲದಲ್ಲಿ ಇದನ್ನು ನೋಡುತ್ತಿದ್ದಾರೆ. ಘಾಟಿ ಹತ್ತಿದರೆ ಮಳೆ ಅದೇ, ಕೆಸರು ಅದೇ, ಹೆಸರು ಮಾತ್ರ ಯಾರೂ ಕೇಳಿಲ್ಲ.

ಸ್ಟೆಂಟ್ ಯಾಕೆ ಬೇಡ ಅಂದರೆ, ಕೀವು ಇರುವ ಜಾಗದಲ್ಲಿ ಹೊರಗಿನ ವಸ್ತು ಇಟ್ಟರೆ ರೋಗಾಣು ಅದಕ್ಕೇ ಅಂಟಿಕೊಳ್ಳುವ ಭಯ. ಕೆಲವರಿಗೆ ಜೀವ ಉಳಿಸೋಕೆ ಅದನ್ನೇ ಹಾಕಬೇಕಾಗುತ್ತದೆ, ಹಾಕಿದರೆ ಮಾತ್ರೆ ತುಂಬಾ ಕಾಲ ನುಂಗಬೇಕು ಅಂದರು ಸರ್ಜನ್. ಇವರ ವಿಷಯದಲ್ಲಿ ಉಬ್ಬು ಕಿಡ್ನಿಯ ರಕ್ತನಾಳಗಳಿಗಿಂತ ಕೆಳಗಿತ್ತು. ಹಾಗಾಗಿ ಹೊಟ್ಟೆ ತೆರೆದು ಕೆಟ್ಟ ಭಾಗ ಕತ್ತರಿಸಿ, ಇವರದ್ದೇ ತೊಡೆಯ ಒಳಗಿನ ದೊಡ್ಡ ಸಿರೆ ತೆಗೆದು ಅಲ್ಲಿ ಜೋಡಿಸುವುದು ಅಂತ ತೀರ್ಮಾನ. ಮೊದಲು ಸ್ವಲ್ಪ ದಿನ ಮೆರೊಪೆನೆಮ್ ಇಂಜೆಕ್ಷನ್ ಕೊಟ್ಟು ಸೋಂಕು ತಗ್ಗಿಸಿ ಆಮೇಲೆ ಆಪರೇಷನ್ ಅಂದಿದ್ದರು.

ಆ ಮಧ್ಯದಲ್ಲಿ ಕಾರ್ಡಿನ ಕಥೆ. ನಮ್ಮದು ಬಿಪಿಎಲ್. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜಿನ ಶೇ. 30, ಅದೂ ವರ್ಷಕ್ಕೆ 1.5 ಲಕ್ಷದವರೆಗೆ. ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ತುರ್ತು ಇದ್ದರೆ ಅದಿಲ್ಲದೆಯೂ ನೇರ ದಾಖಲು ಮಾಡಿಕೊಳ್ಳಬಹುದು, ನಮಗೆ ಹಾಗೇ ಮಾಡಿದರು. ತೊಡಕಾದದ್ದು ಬೇರೆ ಕಡೆ. ಆಧಾರಿನಲ್ಲಿ ಇವರ ಅಪ್ಪನ ಹೆಸರು ಸೇರಿ ಉದ್ದ ಹೆಸರು, ರೇಷನ್ ಕಾರ್ಡಿನಲ್ಲಿ ಬರೀ ಇನಿಷಿಯಲ್. ಬೆರಳಚ್ಚು ಕೊಡೋಣ ಅಂದರೆ ಮೆಷಿನ್ ಹಿಡಿಯಲ್ಲ. ಶುಂಠಿ ಅಗೆದು, ಕಾಫಿ ಕೊಯ್ದು ಬೆರಳಿನ ಗೆರೆಯೇ ಸವೆದಿದೆ. ಆರೋಗ್ಯ ಮಿತ್ರ ಹುಡುಗಿ ಒದ್ದೆ ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿ ಒರೆಸಿ ಒತ್ತಿಸಿದಳು. ಹತ್ತೂ ಆಯಿತು. ಓಟಿಪಿ ಹಾಕೋಣ ಅಂದರೆ ಆಧಾರಿಗೆ ಕೊಟ್ಟ ನಂಬರು ನಾವು ಯಾವತ್ತೋ ಬಿಟ್ಟ ಸಿಮ್ಮಿನದ್ದು. ಕೊನೆಗೆ ಮೈದುನ ಊರಲ್ಲಿ ಓಡಾಡಿ ತಿದ್ದುಪಡಿಗೆ ಅರ್ಜಿ ಹಾಕಿ ರಸೀದಿ ಕಳಿಸಿದ, ಇಲ್ಲಿ ಕಣ್ಣಿನ ಗುರುತು ತಗೊಂಡರು. ದಯವಿಟ್ಟು ಈ ವಾರವೇ ನಿಮ್ಮ ಮನೆಯ ಆಧಾರ್, ರೇಷನ್ ಕಾರ್ಡು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಹೆಸರು ಒಂದೇ ಇದೆಯಾ, ಫೋನ್ ನಂಬರು ಈಗಿನದ್ದಾ. ಆರೋಗ್ಯವಾಗಿದ್ದಾಗ ಇದು ಅರ್ಧ ದಿನದ ಕೆಲಸ.

ಮಂಜೂರಾತಿ ಬಂದ ರಾತ್ರಿಯೇ ಇವರಿಗೆ ನೋವು ಜೋರಾಯಿತು. ಮತ್ತೆ ಸಿಟಿ ಮಾಡಿದರು. 4.3 ಇದ್ದದ್ದು 5.1 ಆಗಿತ್ತು. ಇನ್ನು ಕಾಯೋಕೆ ಆಗಲ್ಲ, ಬೆಳಗ್ಗೆಯೇ ಮಾಡ್ತೀವಿ ಅಂದರು. ರಕ್ತ ಬೇಕು. ಮೈದುನ ಊರಿಗೆ ಫೋನ್ ಮಾಡಿದ. ರಾತ್ರಿ ಎರಡು ಗಂಟೆಗೆ ಜೀಪು ಹೊರಟಿತು. ಬೆಳಗ್ಗೆ ಬ್ಲಡ್ ಬ್ಯಾಂಕ್ ಮುಂದೆ ನಮ್ಮೂರ ಹುಡುಗರು ಸ್ವೆಟರ್ ಹಾಕಿಕೊಂಡೇ ನಿಂತಿದ್ದರು, ಮಂಗಳೂರಿನ ಸೆಖೆಯಲ್ಲಿ ಬೆವರು ಸುರಿಸುತ್ತಾ. ಅವರಲ್ಲಿ ಇಬ್ಬರ ಜೊತೆ ಬೇಲಿ ವಿಷಯಕ್ಕೆ ಇವರು ಮಾತು ಬಿಟ್ಟಿದ್ದರು. ರಕ್ತ ಕೊಡುವವರು ಖಾಲಿ ಹೊಟ್ಟೆಯಲ್ಲಿ ಬರಬಾರದು, ಹಿಂದಿನ ದಿನ ಕುಡಿದಿರಬಾರದು. ಇದನ್ನು ಹೊರಡುವ ಮುಂಚೆಯೇ ಹೇಳಿಬಿಡಿ. ನಮ್ಮಲ್ಲಿ ಒಬ್ಬರನ್ನು ವಾಪಸ್ ಕಳಿಸಿದರು, ಯಾಕೆ ಅಂತ ನಾನು ಕೇಳಲಿಲ್ಲ.

ಬೆಳಗ್ಗೆ ಒಳಗೆ ಕರೆದುಕೊಂಡು ಹೋದವರು ಹೊರಗೆ ಬಂದಾಗ ಸಂಜೆ. ಅಷ್ಟು ಹೊತ್ತು ನಾನು ಏನು ಯೋಚನೆ ಮಾಡಿದೆ ಅಂತ ನೆನಪೇ ಇಲ್ಲ. ಅತ್ತೆ ಇಗ್ಗುತಪ್ಪನಿಗೆ ಹರಕೆ ಹೊತ್ತರು. ಸರ್ಜನ್ ಹೊರಗೆ ಬಂದು, "ಗೋಡೆ ಕಾಗದದ ಹಾಗಿತ್ತಮ್ಮಾ, ಸರಿಯಾದ ಹೊತ್ತಿಗೆ ಕೈ ಹಾಕಿದ್ವಿ" ಅಂದರು. ಐಸಿಯುನಲ್ಲಿ ಇವರ ಎರಡೂ ಪಾದಕ್ಕೆ ಪೆನ್ನಿನಲ್ಲಿ ಗುರುತು ಹಾಕಿದ್ದರು. ನರ್ಸ್ ಗಂಟೆಗೊಮ್ಮೆ ಬಂದು ಆ ಗುರುತಿನ ಮೇಲೆ ಬೆರಳಿಟ್ಟು ನಾಡಿ ನೋಡುತ್ತಿದ್ದಳು. ಕಾಲಿಗೆ ರಕ್ತ ಹರಿಯುತ್ತಿದೆಯಾ ಅಂತ ತಿಳಿಯೋಕೆ. ಸಿರೆ ತೆಗೆದ ಕಾಲು ತಿಂಗಳುಗಟ್ಟಲೆ ಊದಿಕೊಳ್ಳುತ್ತಿತ್ತು. ಬಿಗಿ ಸಾಕ್ಸ್ ಹಾಕಿ, ಮಲಗುವಾಗ ಕಾಲಡಿಗೆ ದಿಂಬು ಕೊಟ್ಟು ಈಗ ಸುಮಾರು ಸರಿ ಹೋಗಿದೆ.

ಆಪರೇಷನ್ ಆಯಿತು, ಇನ್ನು ಮನೆಗೆ ಅಂದುಕೊಂಡವರಿಗೆ ಹೇಳುತ್ತೇನೆ, ಅಸಲಿ ಕಾಯುವಿಕೆ ಆಮೇಲೆ. ಈ ಕಾಯಿಲೆ ರಕ್ತನಾಳದಲ್ಲಿ ಕೂತಿದ್ದರೆ ನರಕ್ಕೆ ಕೊಡುವ ಇಂಜೆಕ್ಷನ್ನೇ 8 ವಾರ. ಬೇರೆ ಕಡೆ ಕೂತಿದ್ದರೆ ಕನಿಷ್ಠ 2 ವಾರಕ್ಕೂ ಮುಗಿಯಬಹುದು. ಐಸಿಯುನಿಂದ ಬಂದ ಮೇಲೆ ಮೆರೊಪೆನೆಮ್ ಬಿಟ್ಟು ಸೆಫ್ಟಾಜಿಡಿಮ್ ಇಂಜೆಕ್ಷನ್‌ಗೆ ಬದಲಾಯಿಸಿದರು. ತೋಳಿನಿಂದ ಒಳಗೆ ಉದ್ದಕ್ಕೆ ಹೋಗುವ ಪಿಕ್ ಲೈನ್ ಅನ್ನುವ ಕೊಳವೆ ಹಾಕಿದರು, ಇಲ್ಲದಿದ್ದರೆ ಚುಚ್ಚೋಕೆ ನರವೇ ಉಳಿಯುತ್ತಿರಲಿಲ್ಲ. ಯೋಜನೆಯ ಪ್ಯಾಕೇಜು ಆಪರೇಷನ್ನಿಗೆ ಆಯಿತು. ಆಮೇಲಿನ ವಾರಗಳ ಇಂಜೆಕ್ಷನ್ ಬಹುಪಾಲು ನಮ್ಮ ಕೈಯಿಂದ. ಆಸ್ಪತ್ರೆ ಹತ್ತಿರ ಒಂದು ರೂಮು ಬಾಡಿಗೆಗೆ ಹಿಡಿದೆವು. ಅದೇ ಔಷಧಿ, ಅದೇ ಗ್ರಾಂ, ಕಂಪನಿ ಬದಲಾದರೆ ಬೆಲೆ ಅರ್ಧಕ್ಕೂ ಕಮ್ಮಿ. ಚೀಟಿಯಲ್ಲಿ ಔಷಧಿಯ ಮೂಲ ಹೆಸರು ಬರೆಸಿಕೊಳ್ಳಿ, ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ, ಬ್ರಾಂಡ್ ಬದಲಾಯಿಸುವ ಮುಂಚೆ ಡಾಕ್ಟರನ್ನು ಒಂದು ಮಾತು ಕೇಳಿ. ಊರಲ್ಲಿ ಶುಂಠಿ ನೆಲದಲ್ಲೇ ಇತ್ತು. ರೇಟು ನೋಡದೆ ಮೈದುನ ಅಗೆಸಿ ಮಾರಿದ. ಆಪರೇಷನ್ ಬಿಟ್ಟು, ಮೈಸೂರಿನ ಬಿಲ್ಲು, ಆಂಬುಲೆನ್ಸ್, ಇಂಜೆಕ್ಷನ್, ರೂಮು, ಊಟ ಎಲ್ಲ ಸೇರಿ ನಾಲ್ಕು ಲಕ್ಷ ದಾಟಿತು.

ಫೆಬ್ರವರಿಯಲ್ಲಿ ಮನೆಗೆ ಬಂದೆವು. ಆಮೇಲೆ ಕೋ-ಟ್ರೈಮಾಕ್ಸಜೋಲ್ ಮಾತ್ರೆ, ಡಿ.ಎಸ್. ಅಂತ ಬರುತ್ತದಲ್ಲ ಅದು, ಬೆಳಗ್ಗೆ ಎರಡು ರಾತ್ರಿ ಎರಡು, ಆರು ತಿಂಗಳು. ಜೊತೆಗೆ ಫೋಲಿಕ್ ಆ್ಯಸಿಡ್. ಲಕ್ಷಗಟ್ಟಲೆ ಖರ್ಚು ಮಾಡಿದ ಮೇಲೆ ಇಷ್ಟು ಅಗ್ಗದ ಮಾತ್ರೆ ಅಂದರೆ ಇವರಿಗೆ ನಂಬಿಕೆಯೇ ಬರಲಿಲ್ಲ. "ಜ್ವರ ಇಲ್ಲ, ನೋವಿಲ್ಲ, ಇನ್ನೂ ಯಾಕೆ?" ಅಂತ ದಿನಾ ಜಗಳ. ಮಧ್ಯದಲ್ಲಿ ಬಿಟ್ಟರೆ ಅಡಗಿ ಕೂತ ರೋಗಾಣು ಮತ್ತೆ ಏಳುತ್ತದೆ, ಆಗ ಜೋಡಿಸಿದ ಸಿರೆಗೇ ಅಪಾಯ ಅಂತ ಡಾಕ್ಟರು ಫೋನಿನಲ್ಲಿ ಬೈದ ಮೇಲೆ ಸುಮ್ಮನಾದರು. ಹೊಟ್ಟೆ ತೊಳಸುತ್ತದೆ, ಊಟ ಸೇರಲ್ಲ. ಮೈಮೇಲೆ ದದ್ದು, ಬಾಯಲ್ಲಿ ಹುಣ್ಣು ಎದ್ದರೆ ಮಾತ್ರ ತಕ್ಷಣ ತಿಳಿಸಿ ಅಂದಿದ್ದರು.

ನಮಗೆ ಬಂದ ತೊಂದರೆ ಬೇರೆ, ಪೊಟ್ಯಾಸಿಯಂ. ಈ ಮಾತ್ರೆ ಅದನ್ನು ಏರಿಸುತ್ತದೆ. ನೋಡೋಕೆ ಬಂದವರೆಲ್ಲ ಎಳನೀರು, ಬಾಳೆಹಣ್ಣು, ಕಿತ್ತಳೆ ತಂದರು, ಇವರು ಬೇಡ ಅನ್ನದೆ ತಿಂದರು. ಒಂದು ವಾರದ ರಕ್ತ ಪರೀಕ್ಷೆಯಲ್ಲಿ 5.9 ಬಂತು. ಲ್ಯಾಬಿನವರೇ ಫೋನ್ ಮಾಡಿ ತಕ್ಷಣ ಇಸಿಜಿ ಮಾಡಿಸಿ ಅಂದರು. ಬಿಪಿಗೆ ತಗೊಳ್ಳುತ್ತಿದ್ದ ಟೆಲ್ಮಿಸಾರ್ಟನ್ ಕೂಡ ಪೊಟ್ಯಾಸಿಯಂ ಏರಿಸುವಂಥದ್ದೇ. ಅದನ್ನು ಬದಲಾಯಿಸಿದರು, ಎಳನೀರು ಬಂದ್. ಹಾಗಾಗಿ ಪೊಟ್ಯಾಸಿಯಂ, ಕ್ರಿಯಾಟಿನಿನ್, ರಕ್ತಕಣ ಈ ಮೂರರ ಪರೀಕ್ಷೆ ತಪ್ಪಿಸಬೇಡಿ, ಶುರುವಿನ ವಾರಗಳಲ್ಲಂತೂ ಖಂಡಿತ. ಬೇರೆ ಯಾವ ಡಾಕ್ಟರ ಹತ್ತಿರ ಹೋದರೂ ಈ ಮಾತ್ರೆ ನಡೀತಾ ಇದೆ ಅಂತ ಮೊದಲು ಹೇಳಿ.

ಮೇ ತಿಂಗಳಲ್ಲಿ ಗಾಳಿ ಮಳೆಗೆ ಕರೆಂಟ್ ಹೋದರೆ ಎರಡು ಮೂರು ದಿನ ಬರಲ್ಲ. ಇನ್ಸುಲಿನ್ ಫ್ರಿಜ್ಜಿನಲ್ಲಿ. ಮಣ್ಣಿನ ಮಡಕೆಯಲ್ಲಿ ಒದ್ದೆ ಮರಳು ಹಾಕಿ, ಡಬ್ಬಿಯೊಳಗೆ ಬಾಟಲಿ ಇಟ್ಟು ತಂಪು ಜಾಗದಲ್ಲಿ ಇಟ್ಟೆವು. ನಮ್ಮ ಹವೆಗೆ ಅದು ಸಾಕಾಯಿತು.

ಊರಲ್ಲಿ ಅಂಟುತ್ತಾ ಅಂತ ಕೇಳಿದವರು ಬಹಳ. ಹತ್ತಿರ ಕೂರಬಾರದು ಅಂತ ಮಕ್ಕಳನ್ನು ಎಳೆದುಕೊಂಡು ಹೋದವರೂ ಇದ್ದರು. ಮನುಷ್ಯರಿಂದ ಮನುಷ್ಯರಿಗೆ ಹರಡುವುದು ಬಹಳ ಅಪರೂಪ. ಒಂದೇ ತಟ್ಟೆಯಲ್ಲಿ ಉಂಡರೂ ಏನೂ ಆಗಲ್ಲ ಅಂತ ಡಾಕ್ಟರೇ ಹೇಳಿದರು. ಮಣ್ಣು ಒಂದೇ ಆಗಿರೋದರಿಂದ ಶುಗರ್ ಇರುವವರೆಲ್ಲ ಗಂಬೂಟು, ಗ್ಲೌಸ್ ಹಾಕಿ, ಗಾಯ ಇದ್ದರೆ ಕೆಸರಿಗೆ ಇಳಿಯಬೇಡಿ, ನೀರು ಕುದಿಸಿ ಕುಡಿಯಿರಿ ಅಂದರು. ಈ ಸಲದ ನಾಟಿಗೆ ಇವರು ಇಳಿದಿಲ್ಲ. ಆಳುಗಳಿಗೆ ಗಂಬೂಟು ನಾವೇ ತಂದುಕೊಟ್ಟೆವು. ಇಬ್ಬರು ಹಾಕಿದರು, ಮಿಕ್ಕವರು ಬದುವಿನ ಮೇಲೆ ಬಿಟ್ಟು ಇಳಿದರು.

ಕೊನೆಯ ಸಿಟಿಯಲ್ಲಿ ಜೋಡಣೆ ಚೆನ್ನಾಗಿದೆ, ಸುತ್ತ ಕೀವಿಲ್ಲ. ಇನ್ನು ಮುಂದೆ ಯಾವ ಜ್ವರ ಬಂದರೂ ಮಾತ್ರೆ ನುಂಗುವ ಮುಂಚೆ ಬ್ಲಡ್ ಕಲ್ಚರ್ ತೆಗೆಸಬೇಕು ಅಂತ ಡಿಸ್ಚಾರ್ಜ್ ಸಮ್ಮರಿಯ ಮೇಲೆ ಕೆಂಪು ಶಾಯಿಯಲ್ಲಿ ಬರೆದು ಕೊಟ್ಟಿದ್ದಾರೆ. ಅದರ ಜೆರಾಕ್ಸ್ ನಮ್ಮೂರ ಡಾಕ್ಟರಿಗೂ ಒಂದು ಕೊಟ್ಟಿದ್ದೇನೆ. ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಹಾಕಿದ ಅರ್ಜಿ ಇನ್ನೂ ಬಾಕಿ ಇದೆ. ಮೈಸೂರಿನ ಒಂದು ಬಿಲ್ಲಿಗೆ ಸೀಲ್ ಇಲ್ಲ ಅಂತ ವಾಪಸ್ ಬಂದಿದೆ. ಸೋಮವಾರ ಅದಕ್ಕೆ ಹೋಗಬೇಕು. ಮುಂದಿನ ಸಿಟಿ ಜನವರಿಯಲ್ಲಿ, ಹಳೇ ಸಿಡಿಗಳನ್ನೆಲ್ಲ ತರಬೇಕಂತೆ.